ಸಿಒ ಪೀಕ್ ಬಂತು, ಆದರೆ ಅದು ಯಾರದ್ದು? ಆಕ್ಸೈಡ್ ಮೇಲಿನ ಲೋಹಕ್ಕೆ ಐಆರ್ ತೆಗೆಯುವ ಸಮಗ್ರ ಮಾರ್ಗದರ್ಶಿ

ಇಲ್ಲಿ ಹೇಳುವ ಕೆಟಲಿಸ್ಟ್ (ವೇಗವರ್ಧಕ) ಎಂದರೆ ‘ಆಧಾರ’ ಎನ್ನುವ ಆಕ್ಸೈಡ್ ಪುಡಿಯ ಮೇಲೆ ಕೂರಿಸಿದ ಲೋಹ. ಅದಕ್ಕೆ ಸಿಒ (ಕಾರ್ಬನ್ ಮೋನಾಕ್ಸೈಡ್) ಗ್ಯಾಸ್ ಅಂಟಿಸಿ ಐಆರ್ (ಅವಗೆಂಪು) ಬೆಳಕಲ್ಲಿ ನೋಡಿದರೆ, ಬೆಳಕು ಹೀರಿದ ಕಡೆ ಏಳುವ ಪೀಕ್ ಲೋಹ ಯಾವ ಸ್ಥಿತಿಯಲ್ಲಿದೆ ಎಂದು ಹೇಳುತ್ತದೆ. ದಾವಣಗೆರೆ, ಚಿತ್ರದುರ್ಗದ ಕಡೆಯಿಂದ ಕೆಟಲಿಸ್ಟ್ ಮೇಲೆ ಪ್ರಾಜೆಕ್ಟ್ ಮಾಡುವ ಹುಡುಗರು ನನಗೆ ತಂದು ತೋರಿಸುವ ಸ್ಪೆಕ್ಟ್ರಮ್‌ಗಳು ಹೆಚ್ಚುಕಡಿಮೆ ಮೂರೇ ಬಗೆ. ಒಂದರಲ್ಲಿ 2170 ಮತ್ತು 2120ರ ಹತ್ತಿರ ಜೋಡಿ ಡುಬ್ಬ. ಇನ್ನೊಂದರಲ್ಲಿ 2349ರಲ್ಲಿ ಕೆಳಮುಖವಾಗಿ ಇಳಿದ ಹಳ್ಳ. ಮೂರನೆಯದರಲ್ಲಿ ಉದ್ದಕ್ಕೂ ಸಮ ಅಂತರದ ಅಲೆ. ಮೂರರ ಕೆಳಗೂ ಬರೆದಿರುವುದು ಮಾತ್ರ ಒಂದೇ: ‘ಲೋಹಕ್ಕೆ ಅಂಟಿದ ಸಿಒ’. ಮೂರರಲ್ಲೂ ಅಂಟಿದ ಸಿಒ ಇಲ್ಲ. ಮೊದಲನೆಯದು ಸೆಲ್‌ನೊಳಗೆ (ಮಾದರಿ ಇಡುವ ಡಬ್ಬಿಯೊಳಗೆ) ಓಡಾಡುತ್ತಿರುವ ಗ್ಯಾಸ್, ಎರಡನೆಯದು ಕೋಣೆಯ ಕಾರ್ಬನ್ ಡೈಆಕ್ಸೈಡ್, ಮೂರನೆಯದು ಪೆಲೆಟ್‌ನ (ಒತ್ತಿ ಮಾಡಿದ ಬಿಲ್ಲೆಯ) ಎರಡು ಮುಖಗಳ ನಡುವೆ ಬೆಳಕು ಆಡಿದ ಆಟ.

ಕೆಲಸ ಕೆಡುವುದು ಬಹುಪಾಲು ಸಿಒ ವಾಲ್ವ್ ತೆರೆಯುವ ಮುಂಚೆಯೇ. ಮಿಕ್ಕಿದ್ದು ಕೆಡುವುದು ಪೀಕ್ ಕಂಡ ತಕ್ಷಣ ಪುಸ್ತಕದ ಪಟ್ಟಿ ತೆರೆದು ಅಂಕಿ ಹೊಂದಿಸುವಾಗ. ಆದ್ದರಿಂದ ಕೆಳಗಿನ ಹಂತಗಳ ಕ್ರಮ ಬದಲಿಸಬೇಡಿ. ಇಲ್ಲಿ ಬರುವ ಪೀಕ್ ಅಂಕಿಗಳೆಲ್ಲ ಸೆಂ.ಮೀ.⁻¹ (ಒಂದು ಸೆಂ.ಮೀ.ಯಲ್ಲಿ ಬೆಳಕಿನ ಎಷ್ಟು ಅಲೆ) ಲೆಕ್ಕದವು, ಪ್ರತಿ ಸಲ ಬರೆಯುವುದಿಲ್ಲ.

## ಕೈ ಹಾಕುವ ಮೊದಲು ತಿಳಿದಿರಬೇಕಾದದ್ದು

ಯಾರ ಜೊತೆಯೂ ಸೇರದ ಸಿಒ ಗ್ಯಾಸ್‌ನ ಕಂಪನ 2143ರಲ್ಲಿದೆ. ಸಿಒ ತನ್ನ ಕಾರ್ಬನ್ ತುದಿಯಿಂದ ಲೋಹಕ್ಕೆ ಕಟ್ಟಿಕೊಂಡಾಗ ಲೋಹದ ಡಿ ಎಲೆಕ್ಟ್ರಾನ್‌ಗಳು ಸಿಒನ ಪ್ರತಿಬಂಧ ಕಕ್ಷಕಕ್ಕೆ ಹರಿಯುತ್ತವೆ. ಅಲ್ಲಿ ಎಲೆಕ್ಟ್ರಾನ್ ತುಂಬಿದಷ್ಟೂ ಕಾರ್ಬನ್–ಆಕ್ಸಿಜನ್ ಬಂಧ ಸಡಿಲ, ಪೀಕ್ ಕೆಳಗೆ. ಕೊಡಲು ಡಿ ಎಲೆಕ್ಟ್ರಾನ್ ಇಲ್ಲದ ಅಲ್ಯೂಮಿನಿಯಂ, ಟೈಟಾನಿಯಂ ಅಯಾನುಗಳ ಮೇಲೆ ಕೂತರೆ ಪೀಕ್ 2143ಕ್ಕಿಂತ ಮೇಲೆ, 2180–2210ರ ಕಡೆ ಹೋಗುತ್ತದೆ. ಒಂದು ಸಿಒ ಎರಡು ಲೋಹದ ಪರಮಾಣುಗಳ ಮಧ್ಯೆ ಸೇತುವೆಯಾಗಿ ಕೂತರೆ ಸಾಮಾನ್ಯವಾಗಿ 2000ಕ್ಕಿಂತ ಕೆಳಗೆ ಬರುತ್ತದೆ.

ಇಷ್ಟು ಹೆಬ್ಬಾಗಿಲು ಮಾತ್ರ. ಒಳಗಿನ ಕೋಣೆಗಳು ಹಂತ 7ರಲ್ಲಿವೆ.

## ಬೇಕಾದ ಸಾಮಾನು

ಎಫ್‌ಟಿಐಆರ್ ಯಂತ್ರ (ಐಆರ್ ಸ್ಪೆಕ್ಟ್ರಮ್ ತೆಗೆಯುವುದು), ಬಿಸಿ ಮಾಡಲು ಬರುವ ಗ್ಯಾಸ್ ಸೆಲ್, ಅಗೇಟ್ ಒರಳು, 13 ಮಿ.ಮೀ. ಡೈ, ಹೈಡ್ರಾಲಿಕ್ ಪ್ರೆಸ್. ಗ್ಯಾಸ್‌ಗಳಲ್ಲಿ ಆರ್ಗಾನ್ ಅಥವಾ ಹೀಲಿಯಂ, ಆಮ್ಲಜನಕ ಬೆರೆಸಿದ ಆರ್ಗಾನ್, 5ರಿಂದ 10 ಶೇಕಡಾ ಹೈಡ್ರೋಜನ್, 1 ಶೇಕಡಾ ಸಿಒ. ಆರ್ಗಾನ್ ದಾರಿಯಲ್ಲಿ ತೇವಾಂಶದ ಟ್ರ್ಯಾಪ್, ಆಮ್ಲಜನಕದ ಟ್ರ್ಯಾಪ್ ಎರಡೂ ಇರಲಿ. ‘ಹೈ ಪ್ಯೂರಿಟಿ’ ಅಂತ ಸಿಲಿಂಡರ್ ಮೇಲೆ ಬರೆದಿದೆ ಎಂದು ಟ್ರ್ಯಾಪ್ ಬಿಟ್ಟವರ ಲೋಹ ಸೆಲ್‌ನಲ್ಲೇ ಮತ್ತೆ ಆಕ್ಸೈಡ್ ಆಗಿದ್ದನ್ನು ಎಷ್ಟೋ ಸಲ ನೋಡಿದ್ದೇನೆ.

ಕಿಟಕಿಗೆ ಕ್ಯಾಲ್ಸಿಯಂ ಫ್ಲೋರೈಡ್ ಸಾಕು. 1100ರ ಆಸುಪಾಸಿಗೆ ಅದು ಮುಚ್ಚಿಕೊಳ್ಳುತ್ತದೆ, ಆದರೆ ನಮ್ಮ ಕೆಲಸ ಇರುವುದು 1700ರಿಂದ 2250ರೊಳಗೆ. ಕೆಬಿಆರ್ (ಪೊಟ್ಯಾಸಿಯಂ ಬ್ರೋಮೈಡ್) ಕಿಟಕಿ ಅಗ್ಗ, ನೋಟವೂ ಅಗಲ. ಜುಲೈನಲ್ಲಿ ಎರಡು ವಾರ ಜಡಿಮಳೆ ಹಿಡಿದರೆ ಮಾತ್ರ ಮಂಜುಗಟ್ಟಿದ ಕನ್ನಡಕದಂತಾಗುತ್ತದೆ.

ಎಂಸಿಟಿ ಎಂಬ, ತಣ್ಣಗಿಟ್ಟೇ ಬಳಸುವ ಸೂಕ್ಷ್ಮ ಡಿಟೆಕ್ಟರ್ ಇದ್ದರೆ ಲಿಕ್ವಿಡ್ ನೈಟ್ರೋಜನ್ ಬೇಕು. ನಮ್ಮ ಕಡೆ ಹಾಗಂದ ತಕ್ಷಣ ನೆನಪಾಗುವುದು ಪಶು ಆಸ್ಪತ್ರೆಯಲ್ಲಿ ಕೃತಕ ಗರ್ಭಧಾರಣೆಯ ಸ್ಟ್ರಾ ಇಡುವ ಕ್ಯಾನು. ಎರಡೂ ಕಡೆ ಒಂದೇ ದ್ರವ. ಸರಬರಾಜು ಎಂದು ಬರುತ್ತದೆ ಎಂದು ಅಲ್ಲಿಯ ಸಿಬ್ಬಂದಿಯನ್ನು ವಿಚಾರಿಸಿ ನಿಮ್ಮ ಪ್ರಯೋಗದ ದಿನ ಗೊತ್ತುಮಾಡಿಕೊಳ್ಳುವುದು ಬುದ್ಧಿವಂತಿಕೆ. ಸಿಗದಿದ್ದರೆ ಕೋಣೆಯ ತಾಪದಲ್ಲೇ ನಡೆಯುವ ಡಿಟಿಜಿಎಸ್ ಡಿಟೆಕ್ಟರ್‌ನಲ್ಲೇ ಮಾಡಿ, ಸ್ಕ್ಯಾನ್ ಸಂಖ್ಯೆ 256ಕ್ಕೆ ಏರಿಸಿ. ಪೆಲೆಟ್ ಚೆನ್ನಾಗಿದ್ದರೆ ಅದೂ ಸಾಕಾಗುತ್ತದೆ.

ಇವೆಲ್ಲಕ್ಕಿಂತ ಮೊದಲು ಕೊಳ್ಳಬೇಕಾದದ್ದು ಸಿಒ ಅಲಾರಂ. ಚಳಿಗಾಲದಲ್ಲಿ ಬಾಗಿಲು ಹಾಕಿ ಇದ್ದಿಲ ಒಲೆ ಇಟ್ಟುಕೊಂಡು ಮಲಗಿದವರು ಬೆಳಿಗ್ಗೆ ಏಳಲಿಲ್ಲ ಎಂದು ಪೇಪರ್‌ನಲ್ಲಿ ಓದುತ್ತೀರಲ್ಲ, ಅದು ಇದೇ ಗ್ಯಾಸ್. ಬಣ್ಣವಿಲ್ಲ, ವಾಸನೆಯಿಲ್ಲ. 1 ಶೇಕಡಾ ಎಂದರೂ 10,000 ಪಿಪಿಎಂ (ಹತ್ತು ಲಕ್ಷದಲ್ಲಿ ಇಷ್ಟು ಭಾಗ). ಪ್ರಾಣಕ್ಕೆ ತಕ್ಷಣದ ಅಪಾಯ ಎಂದು ಗುರುತಿಸಿರುವ ಮಟ್ಟ 1200 ಪಿಪಿಎಂ. ಸೆಲ್‌ನಿಂದ ಹೊರಬರುವ ಪೈಪ್ ಫ್ಯೂಮ್ ಹುಡ್‌ನೊಳಕ್ಕೇ ಹೋಗಬೇಕು, ಕಿಟಕಿಯಾಚೆಗಲ್ಲ. ಜೋಡಣೆಗಳಿಗೆಲ್ಲ ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತದೆಯೇ ನೋಡಿ. ಸಿಒ, ಹೈಡ್ರೋಜನ್ ಎರಡರ ರೆಗ್ಯುಲೇಟರ್‌ಗೂ ಎಡಗಡೆ ತಿರುಪು. ತಿರುಗುತ್ತಿಲ್ಲ ಎಂದು ಪಾನಾ ಹಾಕಿ ಜಗ್ಗಬೇಡಿ. ಹೈಡ್ರೋಜನ್ ಓಡುತ್ತಿದ್ದಾಗಲೂ ಸಿಒ ಅಲಾರಂ ಕೂಗಬಹುದು, ಆ ಸೆನ್ಸರ್‌ಗೆ ಹೈಡ್ರೋಜನ್ ಕೂಡ ತಾಗುತ್ತದೆ. ಹಾಗೆ ಕೂಗಿದರೆ ‘ಸುಳ್ಳು ಅಲಾರಂ’ ಎಂದು ಬಾಯಿ ಮುಚ್ಚಿಸಬೇಡಿ. ಅದೂ ಸೋರಿಕೆಯೇ.

## ಹಂತ 1: ಪುಡಿ ಮತ್ತು ಪೆಲೆಟ್

ಕೆಬಿಆರ್ ಜೊತೆ ಮಾದರಿ ಅರೆದು ಪೆಲೆಟ್ ಒತ್ತುವುದು ಬಿ.ಎಸ್ಸಿ. ಲ್ಯಾಬ್‌ನ ಅಭ್ಯಾಸ. ಇಲ್ಲಿ ಅದನ್ನು ಮರೆಯಿರಿ. 300–400 ಡಿಗ್ರಿಗೆ ಕಾಯಿಸಬೇಕಾದ ಮಾದರಿಗೆ ಬ್ರೋಮೈಡ್ ಬೆರೆಸಿದರೆ ಅದು ಲೋಹಕ್ಕೂ ಅಂಟುತ್ತದೆ, ಗ್ಯಾಸ್ ಒಳಗೆ ಹೋಗಲೂ ಬಿಡುವುದಿಲ್ಲ. ನಮಗೆ ಬೇಕಾದದ್ದು ಮಾದರಿಯೊಂದರಿಂದಲೇ ಮಾಡಿದ, ತನ್ನ ಕಾಲ ಮೇಲೆ ತಾನೇ ನಿಲ್ಲುವ ತೆಳು ಬಿಲ್ಲೆ.

ಪುಡಿಯನ್ನು ಅಗೇಟ್ ಒರಳಲ್ಲಿ ಬೆರಳ ಮಧ್ಯೆ ಉಜ್ಜಿದರೆ ಗರಗರ ಎನ್ನದಷ್ಟು ನುಣ್ಣಗೆ ಅರೆಯಿರಿ, ಮೈದಾ ಹಿಟ್ಟಿನ ಹದ. 15ರಿಂದ 20 ಮಿ.ಗ್ರಾಂ ತೂಗಿ. 13 ಮಿ.ಮೀ. ಡೈಗೆ ಅದು ಚದರ ಸೆಂ.ಮೀ.ಗೆ 11ರಿಂದ 15 ಮಿ.ಗ್ರಾಂ ಆಗುತ್ತದೆ. ಡೈನಲ್ಲಿ ಪುಡಿ ಸುರಿದು, ಮೇಲಿನ ದಿಂಡನ್ನು ಇಟ್ಟು ಕೈಯಲ್ಲೇ ಎರಡು ಸುತ್ತು ತಿರುಗಿಸಿ. ಪುಡಿ ಸಮನಾಗಿ ಹರಡುವುದು ಆ ತಿರುವಿನಲ್ಲಿ, ಒತ್ತಡದಲ್ಲಲ್ಲ. 1 ಟನ್, ಒಂದು ನಿಮಿಷ. ನಿಧಾನ ಬಿಡಿ. ಬಿಲ್ಲೆ ತೆಗೆದು ಕಿಟಕಿಗೆ ಅಡ್ಡ ಹಿಡಿಯಿರಿ. ಹಪ್ಪಳ ಬಿಸಿಲಿಗೆ ಹಿಡಿದಂತೆ ಬೆಳಕು ಸಮವಾಗಿ ಸೋಸಿ ಬರಬೇಕು. ಒಂದು ಕಡೆ ಮೋಡ, ಒಂದು ಕಡೆ ಬಿಸಿಲು ಕಂಡರೆ ಮತ್ತೆ ಅರೆಯಿರಿ. 5 ಟನ್ ಒತ್ತಿದರೆ ಬಿಲ್ಲೆ ಗಾಜಿನಂತೆ ಹೊಳೆಯುತ್ತದೆ, ನೋಡಲು ಚಂದ. ಆದರೆ ರಂಧ್ರಗಳು ಕುಸಿದು ಗ್ಯಾಸ್ ಒಳಗಿಳಿಯುವುದು ನಿಧಾನವಾಗುತ್ತದೆ, ಮೇಲೆ ಹೇಳಿದ ಅಲೆಯೂ ಜೋರಾಗುತ್ತದೆ.

ಯಂತ್ರದಲ್ಲಿ ಇಟ್ಟು 2100ರಲ್ಲಿ ಎಷ್ಟು ಬೆಳಕು ದಾಟುತ್ತದೆ ನೋಡಿ. 10 ಶೇಕಡಾಕ್ಕಿಂತ ಕಡಿಮೆಯಾದರೆ ಬಿಲ್ಲೆ ದಪ್ಪ, ಅಥವಾ ಮಾದರಿ ತೀರಾ ಕಪ್ಪು. ಕಪ್ಪಾದರೆ ಅದೇ ಖಾಲಿ ಆಧಾರ ಆಕ್ಸೈಡ್ ಬೆರೆಸಿ ತೆಳು ಮಾಡಿ, ಇಲ್ಲವೇ ಡ್ರಿಫ್ಟ್ಸ್ ಸೆಲ್‌ಗೆ (ಪುಡಿಯಿಂದ ಚದುರಿ ಬರುವ ಬೆಳಕನ್ನು ಅಳೆಯುವ ಸೆಲ್) ಹೋಗಿ. ಡ್ರಿಫ್ಟ್ಸ್‌ನಲ್ಲಿ ಬಿಲ್ಲೆ ಒತ್ತುವ ರಗಳೆಯಿಲ್ಲ, ಪುಡಿಯನ್ನು ಬಟ್ಟಲಿಗೆ ತುಂಬಿ ಮೇಲ್ಮೈ ಸವರಿದರೆ ಆಯಿತು. ಆದರೆ ಥರ್ಮೋಕಪಲ್ ತೋರಿಸುವ ತಾಪಕ್ಕಿಂತ ಮೇಲ್ಪದರ ತಣ್ಣಗಿರುತ್ತದೆ, ಬೆಳಕು ನೋಡುವುದು ಆ ಮೇಲ್ಪದರವನ್ನೇ. ಇನ್ನೊಂದು ತೊಂದರೆ ನಮ್ಮೂರಿಗೇ ವಿಶೇಷ: ಈ ಸೆಲ್‌ಗೆ ತಂಪು ನೀರು ಸುತ್ತಬೇಕು, ಏಪ್ರಿಲ್ ಮಧ್ಯಾಹ್ನ ದಾವಣಗೆರೆಯ ಓವರ್‌ಹೆಡ್ ಟ್ಯಾಂಕಿನ ನೀರು ಸ್ನಾನಕ್ಕೆ ಹದವಾಗಿರುತ್ತದೆ. ಬಕೆಟ್‌ಗೆ ಐಸ್ ಹಾಕಿ ಸಣ್ಣ ಪಂಪ್‌ನಿಂದ ಸುತ್ತಿಸಿ.

## ಹಂತ 2: ಖಾಲಿ ಸೆಲ್, ಬರೀ ಆಧಾರ

ಎಲ್ಲರೂ ಹಾರಿಸುವ ಹಂತ ಇದು. ಲೋಹವಿಲ್ಲದ ಆಧಾರವನ್ನಷ್ಟೇ ಇಟ್ಟು ಹಂತ 3ರಿಂದ 6ರವರೆಗೆ ಪೂರ್ತಿ ಮಾಡಿ. ಒಂದು ದಿನ ಹೋಗುತ್ತದೆ, ಹೋಗಲಿ.

ನಾನು ಹಾರಿಸಿದ್ದೆ. ಅಲ್ಯೂಮಿನಾ (ಅಲ್ಯೂಮಿನಿಯಂ ಆಕ್ಸೈಡ್) ಮೇಲಿನ ಪ್ಲಾಟಿನಂ ಮಾದರಿಗೆ 2030ರ ಆಸುಪಾಸಿನಲ್ಲಿ ಒಂದು ಪೀಕ್, ಅದರ ಪಕ್ಕ 2010ರ ಕಡೆ ಇನ್ನೊಂದು. ಅಂಚಿನ ಪರಮಾಣು, ಮೂಲೆಯ ಪರಮಾಣು ಎಂದೆಲ್ಲ ಮೂರು ವಾರ ಕಥೆ ಕಟ್ಟಿದೆ. ಕೊನೆಗೆ ಬರೀ ಅಲ್ಯೂಮಿನಾ ಇಟ್ಟು ನೋಡಿದರೆ ಅದರಲ್ಲೂ ಅವೇ ಎರಡು. ವರ್ಷಗಟ್ಟಲೆ ಮೂಲೆಯಲ್ಲಿದ್ದ ಉಕ್ಕಿನ ಸಿಲಿಂಡರ್. ಒಳಗೆ ಸಿಒ ಗೋಡೆಯ ಕಬ್ಬಿಣವನ್ನೇ ಎಳೆದುಕೊಂಡು ಐರನ್ ಪೆಂಟಾಕಾರ್ಬೊನಿಲ್ ಆಗಿತ್ತು. ಅದರ ಪೀಕ್‌ಗಳು 2034 ಮತ್ತು 2013. ನೋಟ್‌ಬುಕ್‌ನ ಹನ್ನೊಂದು ಪುಟಕ್ಕೆ ಅಡ್ಡಗೆರೆ ಎಳೆದೆ. ಅಂದಿನಿಂದ ಸಿಒ ಬೇಕಾದರೆ ಅಲ್ಯೂಮಿನಿಯಂ ಸಿಲಿಂಡರ್‌ನಲ್ಲೇ ಕೇಳುತ್ತೇನೆ. ಸಿಗದಿದ್ದರೆ ಸಿಒ ಬರುವ ದಾರಿಯಲ್ಲಿ ಅಲ್ಯೂಮಿನಾ ತುಂಬಿದ ಕೊಳವೆ ಇಟ್ಟು 250 ಡಿಗ್ರಿಗೆ ಕಾಯಿಸಿ. ಕಾರ್ಬೊನಿಲ್ ಅಲ್ಲೇ ಒಡೆದು ಕಬ್ಬಿಣ ಉಳಿದುಕೊಳ್ಳುತ್ತದೆ.

## ಹಂತ 3: ಮಾದರಿಯ ಶುದ್ಧಿ

ಕ್ರಮ ಹೀಗಿರಲಿ. ಗ್ಯಾಸ್ ಹರಿವು ನಿಮಿಷಕ್ಕೆ 20–30 ಮಿ.ಲೀ.

1. ಆಮ್ಲಜನಕ ಬೆರೆತ ಆರ್ಗಾನ್‌ನಲ್ಲಿ 400 ಡಿಗ್ರಿ, 30ರಿಂದ 60 ನಿಮಿಷ. ತಯಾರಿಕೆಯಿಂದ ಉಳಿದ ಇಂಗಾಲ, ಗಾಳಿಯಿಂದ ಹಿಡಿದ ಕಾರ್ಬೊನೇಟ್ ಹೋಗುತ್ತವೆ.
2. ಬರೀ ಆರ್ಗಾನ್, 15 ನಿಮಿಷ. ಇದನ್ನು ಬಿಟ್ಟು ನೇರ ಹೈಡ್ರೋಜನ್ ತೆರೆಯಬೇಡಿ. ಗಾಳಿಯಲ್ಲಿ 4ರಿಂದ 75 ಶೇಕಡಾವರೆಗೆ ಹೈಡ್ರೋಜನ್ ಹೊತ್ತಿಕೊಳ್ಳುತ್ತದೆ, ಒಳಗೆ ಬಿಸಿ ಪ್ಲಾಟಿನಂ ಕೂತಿದೆ.
3. ಹೈಡ್ರೋಜನ್‌ನಲ್ಲಿ 300 ಡಿಗ್ರಿ, ಒಂದು ಗಂಟೆ.
4. ಅದೇ 300 ಡಿಗ್ರಿಯಲ್ಲಿ ಆರ್ಗಾನ್, 30 ನಿಮಿಷ.
5. ಆರ್ಗಾನ್‌ನಲ್ಲೇ ತಣಿಸಿ 30 ಡಿಗ್ರಿಗೆ ತನ್ನಿ.

ತಪ್ಪು ನಡೆಯುವುದು ನಾಲ್ಕನೆಯದರಲ್ಲಿ. ಹೈಡ್ರೋಜನ್‌ನಲ್ಲೇ ತಣಿಸಿ ಆಮೇಲೆ ಆರ್ಗಾನ್ ಬಿಟ್ಟರೆ ಲೋಹದ ಮೇಲೆ ಹೈಡ್ರೋಜನ್ ಕೂತೇ ಇರುತ್ತದೆ. ಸಿಒ ಬಂದಾಗ ಪೀಕ್ ಜಾಗ ತಪ್ಪುತ್ತದೆ. ಪಲ್ಲೇಡಿಯಂ ಇನ್ನೂ ಹಟಮಾರಿ, ಹೈಡ್ರೋಜನ್ ನುಂಗಿ ಹೈಡ್ರೈಡ್ ಆಗಿಬಿಡುತ್ತದೆ.

ಟೈಟಾನಿಯಾ (ಟೈಟಾನಿಯಂ ಆಕ್ಸೈಡ್) ಆಧಾರವಾದರೆ ಮೂರನೆಯ ಸಾಲಿನ ತಾಪ 200–250 ಮೀರದಿರಲಿ. 500 ಡಿಗ್ರಿಗೆ ಏರಿಸಿದರೆ ಅರೆ ಅಪಕರ್ಷಿತ (ಆಮ್ಲಜನಕ ಸ್ವಲ್ಪ ಕಳೆದುಕೊಂಡ) ಟೈಟಾನಿಯಾ ಲೋಹದ ಕಣದ ಮೇಲೆ ಹೊದಿಕೆಯಂತೆ ಹತ್ತಿ ಕೂರುತ್ತದೆ, ಸಿಒಗೆ ಕೂರಲು ಜಾಗವೇ ಸಿಗುವುದಿಲ್ಲ. ‘ಪೀಕ್ ಇಲ್ಲ, ಲೋಹ ಲೋಡ್ ಆಗಿಲ್ಲ’ ಎಂದು ಮಾದರಿ ಎಸೆದವರಿದ್ದಾರೆ. ಎಸೆಯುವ ಮೊದಲು 400 ಡಿಗ್ರಿಯಲ್ಲಿ ಆಮ್ಲಜನಕ ಕೊಟ್ಟು, ಕಡಿಮೆ ತಾಪದಲ್ಲಿ ಮತ್ತೆ ಹೈಡ್ರೋಜನ್ ಕೊಟ್ಟು ನೋಡಿ, ಹೊದಿಕೆ ಸರಿಯುತ್ತದೆ.

ಕರೆಂಟ್ ಹೋದರೆ? ಹೋಗಿಯೇ ಹೋಗುತ್ತದೆ. ಹೈಡ್ರೋಜನ್ ನಿಲ್ಲಿಸಿ, ಆರ್ಗಾನ್ ತೆರೆಯಿರಿ. ಎಷ್ಟು ನಿಮಿಷ ಹೋಗಿತ್ತು, ತಾಪ ಎಲ್ಲಿಗೆ ಇಳಿದಿತ್ತು ಎಂದು ಬರೆದಿಡಿ. ಕರೆಂಟ್ ಬಂದ ಮೇಲೆ ಮೊದಲನೆಯ ಸಾಲಿನಿಂದಲೇ ಶುರುಮಾಡಿ. ಮಧ್ಯದಿಂದ ಹಿಡಿದ ಮಾದರಿಗಳ ಫಲಿತಾಂಶ ಒಂದಕ್ಕೊಂದು ಕೂಡುವುದಿಲ್ಲ.

## ಹಂತ 4: ಬ್ಯಾಕ್‌ಗ್ರೌಂಡ್

ಬ್ಯಾಕ್‌ಗ್ರೌಂಡ್ (ಮುಂದಿನ ಸ್ಪೆಕ್ಟ್ರಮ್‌ಗಳಿಂದ ಕಳೆಯುವ ಆರಂಭದ ಅಳತೆ) ಎಂದರೆ ಖಾಲಿ ಯಂತ್ರವಲ್ಲ, ಶುದ್ಧಿ ಮುಗಿದ ಇದೇ ಬಿಲ್ಲೆ. ಇದೇ ತಾಪ, ಇದೇ ಹರಿವು. ರೆಸಲ್ಯೂಷನ್ 4, ಸ್ಕ್ಯಾನ್ 128. ಮುಂದೆ ಬಿಸಿ ಮಾಡುತ್ತ ಸ್ಪೆಕ್ಟ್ರಮ್ ತೆಗೆಯುವ ಉದ್ದೇಶವಿದ್ದರೆ, ಹಂತ 3ರ ಕೊನೆಯಲ್ಲಿ ತಣಿಸುವಾಗಲೇ ಪ್ರತಿ 25 ಡಿಗ್ರಿಗೊಂದು ಬ್ಯಾಕ್‌ಗ್ರೌಂಡ್ ತೆಗೆದಿಟ್ಟುಕೊಳ್ಳಿ. 200 ಡಿಗ್ರಿಯ ಸ್ಪೆಕ್ಟ್ರಮ್‌ನಿಂದ 30 ಡಿಗ್ರಿಯ ಬ್ಯಾಕ್‌ಗ್ರೌಂಡ್ ಕಳೆದರೆ ಬೇಸ್‌ಲೈನ್ ಚಿತ್ರದುರ್ಗದ ಕೋಟೆ ಹತ್ತಿ ಇಳಿದಂತೆ ಬರುತ್ತದೆ.

ಯಂತ್ರದೊಳಗೆ ಒಣ ನೈಟ್ರೋಜನ್ ಹರಿಯುತ್ತಿರಲಿ, ಮಾದರಿ ಇಟ್ಟು ಮುಚ್ಚಳ ಹಾಕಿದ ಮೇಲೆ ಅರ್ಧ ಗಂಟೆ ಮುಟ್ಟಬೇಡಿ. ಪಕ್ಕದಲ್ಲಿ ನಿಂತು ಉಸಿರು ಬಿಟ್ಟರೂ 2349 ಏರಿಳಿಯುತ್ತದೆ. ತೇವದ ಸಣ್ಣ ಮುಳ್ಳುಗಳು 1900ರವರೆಗೂ ಚಾಚುವುದರಿಂದ ಸೇತುವೆ ಸಿಒ ಇರುವ ಜಾಗವನ್ನೂ ಕೆಡಿಸುತ್ತವೆ.

## ಹಂತ 5: ಸಿಒ ಬಿಡುವುದು

1 ಶೇಕಡಾ ಸಿಒ ತೆರೆದು ಮೊದಲ ಐದು ನಿಮಿಷ ಪ್ರತಿ ನಿಮಿಷಕ್ಕೊಂದು ಸ್ಪೆಕ್ಟ್ರಮ್, ಆಮೇಲೆ 20 ನಿಮಿಷದವರೆಗೆ ಐದೈದು ನಿಮಿಷಕ್ಕೆ. ಕೊನೆಯದೊಂದೇ ಸಾಕೆಂದು ಚಹಾಕ್ಕೆ ಹೋಗಬೇಡಿ. ಪೀಕ್ ಬೆಳೆಯುವ ದಾರಿಯಲ್ಲೇ ಅರ್ಧ ಉತ್ತರ ಇದೆ.

ನಿಕ್ಕಲ್ ಮಾದರಿ ಇದ್ದವರು ಇಲ್ಲೇ ನಿಲ್ಲಿ. ಅಪಕರ್ಷಿಸಿದ ನಿಕ್ಕಲ್ ಮೇಲೆ ಕೋಣೆಯ ತಾಪದಿಂದ 100 ಡಿಗ್ರಿವರೆಗೆ ಸಿಒ ಹರಿಸಿದರೆ ನಿಕ್ಕಲ್ ಟೆಟ್ರಾಕಾರ್ಬೊನಿಲ್ ಹುಟ್ಟುತ್ತದೆ. ಅದರ ಮುಂದೆ ಸಿಒ ಸಾಧು. ಅನುಭವಿಗಳು ಪಕ್ಕದಲ್ಲಿ ಇಲ್ಲದೆ ಈ ಕೆಲಸ ಬೇಡ.

## ಹಂತ 6: ಆರ್ಗಾನ್‌ನಿಂದ ತೊಳೆಯುವುದು

ಸಿಒ ನಿಲ್ಲಿಸಿ 20–30 ನಿಮಿಷ ಆರ್ಗಾನ್. ಈಗಲೂ ನಿಮಿಷಕ್ಕೊಂದು ಸ್ಪೆಕ್ಟ್ರಮ್.

ಕಳೆದ ಸಲ ಹೊಳಲ್ಕೆರೆಯ ಹುಡುಗಿಯೊಬ್ಬಳು, “ಸರ್, ಪೀಕ್ ಬಂತು ನೋಡ್ರಿ, ಎರಡು ಬಂದಾವ” ಎಂದು ಓಡಿ ಬಂದಳು. “ಸಿಒ ಬಂದ್ ಮಾಡಿ ಆರ್ಗಾನ್ ಬಿಡಮ್ಮ, ಐದು ನಿಮಿಷ ಕೂತು ನೋಡು” ಅಂದೆ. 2170, 2120 ಎರಡೂ ಜೊತೆಯಾಗಿ ಇಳಿದು ಹೋದವು, ಅವುಗಳ ಬುಡದಲ್ಲಿ ಮುಚ್ಚಿಹೋಗಿದ್ದ 2080ರ ಪೀಕ್ ಒಂದೇ ನಿಂತಿತು. ಗ್ಯಾಸ್ ಸಿಒನ ಆ ಜೋಡಿ ಡುಬ್ಬ ಅಣುವಿನ ತಿರುಗಾಟದಿಂದ ಬರುವುದು. ಮಧ್ಯದ 2143ರಲ್ಲಿ ಹಳ್ಳ. ರೆಸಲ್ಯೂಷನ್ 0.5ಕ್ಕೆ ಇಳಿಸಿದರೆ ಡುಬ್ಬ ಬಾಚಣಿಗೆಯ ಹಲ್ಲಿನಂತೆ ಬಿಡಿಬಿಡಿಯಾಗುತ್ತದೆ. ಅಂಟಿದ ಸಿಒ ಎಷ್ಟೇ ರೆಸಲ್ಯೂಷನ್ ಕೊಟ್ಟರೂ ಹಾಗೆ ಬಿಚ್ಚಿಕೊಳ್ಳದು.

ಆದರೆ ತೊಳೆದಾಗ ಹೋದದ್ದೆಲ್ಲ ಗ್ಯಾಸ್ ಎಂದೂ ಅಲ್ಲ. ಚಿನ್ನದ ಮೇಲಿನ 2110ರ ಪೀಕ್ ಕೋಣೆಯ ತಾಪದಲ್ಲಿ ಆರ್ಗಾನ್ ತಾಗಿದರೆ ಹೋಗಿಬಿಡುತ್ತದೆ. ಅಂಥವನ್ನು ಸಿಒ ಇದ್ದಾಗಲೇ ಹಿಡಿದು, ಹಂತ 2ರಲ್ಲಿ ಬರೀ ಆಧಾರದ ಮೇಲೆ ತೆಗೆದ ಗ್ಯಾಸ್ ಸ್ಪೆಕ್ಟ್ರಮ್ ಕಳೆದು ನೋಡಬೇಕು. ಹಂತ 2 ಹಾರಿಸಿದವರ ಹತ್ತಿರ ಕಳೆಯಲು ಏನೂ ಇರುವುದಿಲ್ಲ.

## ಹಂತ 7: ಪೀಕ್‌ನ ನಡತೆ ಓದುವುದು

ಎಲ್ಲಿ ನಿಂತಿದೆ ಎನ್ನುವುದಕ್ಕಿಂತ ಹೇಗೆ ನಡೆದುಕೊಳ್ಳುತ್ತದೆ ಎನ್ನುವುದು ಮುಖ್ಯ. ಒಂದೇ 2110ರಲ್ಲಿ ಚಿನ್ನ ಇರಬಹುದು, ತಾಮ್ರ ಇರಬಹುದು, ಒಂಟಿ ಪ್ಲಾಟಿನಂ ಪರಮಾಣು ಇರಬಹುದು.

ಪ್ಲಾಟಿನಂ. ಕಣದ ಮೇಲೆ ನೇರವಾಗಿ ಕೂತ ಸಿಒ 2040–2090, ಸೇತುವೆ 1800–1880. ಸಿಒ ತುಂಬುತ್ತ ಹೋದಂತೆ ಪೀಕ್ ಮೇಲಕ್ಕೆ ಜರುಗುತ್ತದೆ, ಬಿಸಿ ಮಾಡಿ ಬಿಡಿಸಿದಂತೆ ಕೆಳಕ್ಕೆ ಇಳಿಯುತ್ತದೆ. ಅಕ್ಕಪಕ್ಕದ ಸಿಒಗಳು ಒಂದರ ಕಂಪನಕ್ಕೆ ಇನ್ನೊಂದು ತಾಳ ಹಾಕುವುದರಿಂದ ಹೀಗೆ. ಜರುಗದೆ ಒಂದೇ ಕಡೆ ನಿಂತು ಬರೀ ಎತ್ತರ ಕುಗ್ಗಿದರೆ ನೆರೆಹೊರೆ ಇಲ್ಲ ಎಂದರ್ಥ: ಒಂಟಿ ಪರಮಾಣುಗಳ ಸಾಧ್ಯತೆ. ಕಾರ್ಬನ್-13ರ ಸಿಒ ಸ್ವಲ್ಪ ಬೆರೆಸಿದರೆ ಇನ್ನೂ ಖಚಿತವಾಗುತ್ತದೆ. ಭಾರದ ಕಾರ್ಬನ್‌ನಿಂದ ಪೀಕ್ 47ರಷ್ಟು ಇಳಿಯಬೇಕು. ನೆರೆಹೊರೆ ಇದ್ದರೆ ಈ ಲೆಕ್ಕ ತಪ್ಪುತ್ತದೆ.

ಇದೇ ಕಾರಣಕ್ಕೆ ಪ್ಲಾಟಿನಂ ಪೀಕನ್ನು ಸಾಫ್ಟ್‌ವೇರ್‌ನಲ್ಲಿ ನಾಲ್ಕು ತುಂಡು ಮಾಡಿ ‘ಅಂಚು 30 ಶೇಕಡಾ, ಮೈದಾನ 70 ಶೇಕಡಾ’ ಎಂದು ಬರೆದರೆ ನಾನು ಒಪ್ಪುವುದಿಲ್ಲ. ಕೆಳಗಿನ ಪೀಕ್‌ನ ಬಲವನ್ನು ಮೇಲಿನದು ಕಸಿದುಕೊಳ್ಳುತ್ತದೆ. ವಿಸ್ತೀರ್ಣ ಎಣಿಕೆಯಲ್ಲ.

ಪಲ್ಲೇಡಿಯಂ. ಇಲ್ಲಿ ಸೇತುವೆಯದೇ ದರ್ಬಾರು: 1900–2000 ಅಗಲವಾದ ಪೀಕ್, ಕೆಳಗೆ ಮೂರು ಪರಮಾಣುಗಳ ನಡುವಿನ ಗುಳಿಯದು, ಮೇಲೆ 2050–2100ರಲ್ಲಿ ನೇರದ್ದು. ಕಣ ಸಣ್ಣದಾದಷ್ಟೂ ನೇರದ್ದರ ಪಾಲು ಸಾಮಾನ್ಯವಾಗಿ ಹೆಚ್ಚು.

ರೋಡಿಯಂ. 2100 ಮತ್ತು 2030ರ ಹತ್ತಿರ ಜೋಡಿ ಪೀಕ್, ಎರಡೂ ಒಟ್ಟಿಗೇ ಬೆಳೆದು ಒಟ್ಟಿಗೇ ಕುಗ್ಗಿದರೆ, ಜಾಗ ಬಿಟ್ಟು ಕದಲದಿದ್ದರೆ, ಒಂದೇ ರೋಡಿಯಂ ಅಯಾನು ಎರಡು ಸಿಒ ಹೊತ್ತಿದೆ. ಅಷ್ಟಕ್ಕೇ ‘ನನ್ನ ಮಾದರಿಯಲ್ಲಿ ಮೊದಲಿನಿಂದಲೂ ಒಂಟಿ ಪರಮಾಣು’ ಎಂದು ಬರೆಯಬೇಡಿ. ಸಿಒ ತಾನೇ ಸಣ್ಣ ರೋಡಿಯಂ ಗುಂಪುಗಳನ್ನು ಆಧಾರದ ಹೈಡ್ರಾಕ್ಸಿಲ್‌ಗಳ ನೆರವಿನಿಂದ ಒಡೆಯುತ್ತದೆ. ಹಂತ 5ರ ಮೊದಲ ನಿಮಿಷಗಳಲ್ಲಿ 2060ರ ಪೀಕ್ ಬಂದು, ಅದು ಕರಗುತ್ತ ಜೋಡಿ ಎದ್ದಿದ್ದರೆ ಒಡೆದದ್ದು ನಿಮ್ಮ ಕಣ್ಣೆದುರೇ. ಚಹಾಕ್ಕೆ ಹೋದವರಿಗೆ ಇದು ಕಾಣುವುದಿಲ್ಲ.

ತಾಮ್ರ. ನಮ್ಮ ಕಡೆ ತಾಮ್ರದ ಮೇಲೆ ಕೆಲಸ ಜಾಸ್ತಿ. ಚಿತ್ರದುರ್ಗದ ಇಂಗಳದಾಳದಲ್ಲಿ ತಾಮ್ರದ ಗಣಿ ಇದ್ದದ್ದಕ್ಕಲ್ಲ, ಕಾಪರ್ ನೈಟ್ರೇಟ್ ಅಗ್ಗ ಎಂಬ ಕಾರಣಕ್ಕೆ. ಏಕ ಧನ ತಾಮ್ರದ (Cu⁺ ಅಯಾನು) ಮೇಲೆ 2110–2140, ಲೋಹ ತಾಮ್ರದ ಮೇಲೆ ಬಹುತೇಕ 2110ಕ್ಕಿಂತ ಕೆಳಗೆ. ಗಡಿಯಲ್ಲಿ ಬಿದ್ದ ಪೀಕ್‌ಗೆ ಹಂತ 6ರ ಸಾಕ್ಷಿ ಕೇಳಿ: ಏಕ ಧನ ತಾಮ್ರ ಸಿಒವನ್ನು ಬಿಗಿಯಾಗಿ ಹಿಡಿದು ಆರ್ಗಾನ್‌ನಲ್ಲೂ ಉಳಿಯುತ್ತದೆ, ಲೋಹ ತಾಮ್ರ ಬಿಟ್ಟುಕೊಡುತ್ತದೆ. ದ್ವಿ ಧನ ತಾಮ್ರ ಕೋಣೆಯ ತಾಪದಲ್ಲಿ ಸಿಒವನ್ನು ಸರಿಯಾಗಿ ಹಿಡಿಯುವುದೇ ಇಲ್ಲ. ಪೀಕ್ ಕಾಣಲಿಲ್ಲವೆಂದು ಅದು ಇಲ್ಲ ಎನ್ನಬೇಡಿ.

ಸೀರಿಯಾ (ಸೀರಿಯಂ ಆಕ್ಸೈಡ್) ಆಧಾರ. ದೊಡ್ಡ ಬಲೆ. ಅಪಕರ್ಷಿಸಿದ ಸೀರಿಯಾದಲ್ಲಿ ತ್ರಿ ಧನ ಸೀರಿಯಂನ ಎಲೆಕ್ಟ್ರಾನ್ ಜಿಗಿತ 2120ರ ಹತ್ತಿರವೇ ಪೀಕ್ ಕೊಡುತ್ತದೆ, ಸಿಒ ಇಲ್ಲದೆಯೂ. ಹೈಡ್ರೋಜನ್ ಕೊಟ್ಟ ಮೇಲೆ, ಸಿಒ ಬಿಡುವ ಮೊದಲು, ಹೈಡ್ರೋಜನ್‌ಗೂ ಮುಂಚಿನ ಬ್ಯಾಕ್‌ಗ್ರೌಂಡ್ ಕಳೆದು ಒಂದು ಸ್ಪೆಕ್ಟ್ರಮ್ ನೋಡಿ. ಅಲ್ಲೇ 2120 ಎದ್ದಿದ್ದರೆ ಅದಕ್ಕೆ ತಾಮ್ರದ ಹೆಸರು ಇಡಬೇಡಿ.

## ಈ ಲಕ್ಷಣ ಕಂಡರೆ ಪ್ರಯೋಗ ನಿಲ್ಲಿಸಿ

ಸಮ ಅಂತರದ ಅಲೆ ಬಂದರೆ ಬಿಲ್ಲೆಯನ್ನು ಕಿರಣಕ್ಕೆ ಸ್ವಲ್ಪ ಓರೆಯಾಗಿ ಇಡಿ, ಇಲ್ಲವೇ ಕಡಿಮೆ ಒತ್ತಡದಲ್ಲಿ ಹೊಸದು ಮಾಡಿ. 3200ರ ಆಸುಪಾಸಿನಲ್ಲಿ ಗಂಟೆಗಂಟೆಗೂ ಬೆಳೆಯುವ ಅಗಲ ಉಬ್ಬು ಕಂಡರೆ ಅದು ಮಾದರಿಯ ಹೈಡ್ರಾಕ್ಸಿಲ್ ಅಲ್ಲ, ಎಂಸಿಟಿ ಡಿಟೆಕ್ಟರ್‌ನ ಒಳಗೆ ಕಟ್ಟುತ್ತಿರುವ ಮಂಜುಗಡ್ಡೆ. ಡಿಟೆಕ್ಟರ್‌ನ ನಿರ್ವಾತ ಸೋರಿದೆ. 1200–1700ರಲ್ಲಿ ಸಿಒ ಬಿಟ್ಟ ಮೇಲೆ ಪೀಕ್‌ಗಳ ದಂಡೇ ಎದ್ದರೆ ಆಧಾರದ ಮೇಲೆ ಕಾರ್ಬೊನೇಟ್ ಕಟ್ಟುತ್ತಿದೆ: ಒಂದೋ ಸಿಒ ಅಲ್ಲಿ ನಿಜವಾಗಿ ಉರಿಯುತ್ತಿದೆ, ಇಲ್ಲವೇ ಆಮ್ಲಜನಕ ಸೋರಿ ಬರುತ್ತಿದೆ. ಅದೇ ಮಾದರಿಗೆ ಎರಡನೆಯ ಸಲ ಸಿಒ ಕೊಟ್ಟಾಗ ಪೀಕ್ 10ಕ್ಕಿಂತ ಹೆಚ್ಚು ಜರುಗಿದರೆ ಮೊದಲ ಸಲದ ಸಿಒ ಲೋಹವನ್ನೇ ಬದಲಿಸಿರಬಹುದು; ಎರಡನ್ನೂ ಕೂಡಿಸಿ ಸರಾಸರಿ ತೆಗೆಯಬೇಡಿ, ಬೇರೆ ಬೇರೆ ದಾಖಲಿಸಿ.

## ಹಂತ 8: ಮುಚ್ಚುವ ಕ್ರಮ

ಸಿಒ ಸಿಲಿಂಡರ್‌ನ ಮುಖ್ಯ ವಾಲ್ವ್ ಮೊದಲು ಮುಚ್ಚಿ, ರೆಗ್ಯುಲೇಟರ್‌ನ ಎರಡೂ ಮುಳ್ಳು ಸೊನ್ನೆಗೆ ಇಳಿಯುವವರೆಗೆ ಪೈಪ್‌ನಲ್ಲಿರುವುದು ಸೆಲ್ ಮೂಲಕವೇ ಹುಡ್‌ಗೆ ಹೋಗಲಿ. ಆಮೇಲೆ ರೆಗ್ಯುಲೇಟರ್ ಸಡಿಲಿಸಿ. ಆರ್ಗಾನ್ ಅರ್ಧ ಗಂಟೆ ಓಡಲಿ. ಅಪಕರ್ಷಿಸಿದ ಲೋಹವನ್ನು ಬಿಸಿ ಇದ್ದಾಗ ಗಾಳಿಗೆ ತೆರೆದರೆ ಬಿಲ್ಲೆ ಕೆಂಪಗೆ ಕಾದು ಸಿಡಿಯಬಹುದು, ಕೈಗೆ ತಾಗುವಷ್ಟು ತಣ್ಣಗಾದ ಮೇಲೆಯೇ ಬಿಚ್ಚಿ. ಬಿಲ್ಲೆ ಎಸೆಯಬೇಡಿ, ತೂಗಿ, ಪುಟ್ಟ ಶೀಶೆಯಲ್ಲಿ ದಿನಾಂಕ ಬರೆದು ಇಡಿ, ವೈವಾದಲ್ಲಿ ಲೋಹ ನಿಜಕ್ಕೂ ಎಷ್ಟಿತ್ತು ಎಂದು ಕೇಳಿದಾಗ ಬೇಕಾಗುತ್ತದೆ. ಕಿಟಕಿಗಳನ್ನು ಡೆಸಿಕೇಟರ್‌ನಲ್ಲಿಟ್ಟು, ಸಿಲಿಕಾ ಜೆಲ್ ನೀಲಿಯೇ ಇದೆಯೇ ನೋಡಿ. ಗುಲಾಬಿಗೆ ತಿರುಗಿದ್ದರೆ ಓವನ್‌ನಲ್ಲಿ 120 ಡಿಗ್ರಿಗೆ ಎರಡು ಗಂಟೆ ಇಟ್ಟು ಬಳಸಿ.